ಅಳತೆ ರವಿಕೆ ಇಲ್ಲದವರು

ರವಿಕೆ ಹೊಲಿಸಲು ಬರುವ ಹೆಂಗಸರು ಬಟ್ಟೆಯ ಜೊತೆಗೆ ಹಳೆಯ ರವಿಕೆಯೊಂದನ್ನು ತಂದಿರುತ್ತಾರೆ. ಅದಕ್ಕೆ ಅಳತೆ ರವಿಕೆ ಎನ್ನುತ್ತೇವೆ. ತೊಟ್ಟು ತೊಟ್ಟು ಮೈಗೆ ಒಗ್ಗಿಹೋದ, ಕಂಕುಳಲ್ಲಿ ಬಣ್ಣ ಮಾಸಿದ, ಒಂದೆರಡು ಹುಕ್ಕು ಸಡಿಲವಾದ ಆ ರವಿಕೆಯನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು, ಎದೆ, ಸೊಂಟ, ಭುಜ, ತೋಳಿನ ಉದ್ದ, ಕುತ್ತಿಗೆಯ ಆಳ ಎಂದು ಒಂದೊಂದಾಗಿ ಪುಸ್ತಕದಲ್ಲಿ ಬರೆದುಕೊಂಡರೆ ಮುಗಿಯಿತು. ತೊಡುವವಳ ಮೈ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. “ಇದೇ ಥರ ಹೊಲೀರಿ, ಕುತ್ತಿಗೆ ಮಾತ್ರ ಅರ್ಧ ಇಂಚು ಮೇಲಕ್ಕಿರಲಿ” ಎಂದು ಹೇಳಿ ಅವರು ತರಕಾರಿ ತರಲು ಹೋಗುತ್ತಾರೆ.

ಬೆಂಗಳೂರಿನ ಒಂದು ಸಣ್ಣ ಅಡ್ಡರಸ್ತೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು 8 ವರ್ಷವಾಯಿತು. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಅಕ್ಕಪಕ್ಕದ ಬೀದಿಗಳ ಗೃಹಿಣಿಯರು. ಉಳಿದವರು ನನ್ನ ಹಾಗೆಯೇ, ಹುಟ್ಟಿದಾಗ ಗಂಡುಮಗುವೆಂದು ಹೇಳಿಸಿಕೊಂಡು ಇಂದು ಹೆಣ್ಣಾಗಿ ಬದುಕುತ್ತಿರುವವರು. ಇವರು ಮೊದಲ ಸಲ ಬಂದಾಗ ಕೈಯಲ್ಲಿ ಬಟ್ಟೆ ಇರುತ್ತದೆ, ಅಳತೆ ರವಿಕೆ ಇರುವುದಿಲ್ಲ. ಒಬ್ಬಳು ಮೊಬೈಲಿನಲ್ಲಿ ನಟಿಯೊಬ್ಬಳ ಚಿತ್ರ ತೋರಿಸುತ್ತಾಳೆ, ಇನ್ನೊಬ್ಬಳು ಮನೆ ಬಿಟ್ಟು ಹೊರಡುವಾಗ ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡ ತಂಗಿಯ ರವಿಕೆಯನ್ನು ಹೊರತೆಗೆಯುತ್ತಾಳೆ, ಮತ್ತೊಬ್ಬಳು ನಮ್ಮ ಸಮುದಾಯದಲ್ಲಿ ತನಗೆ ಆಸರೆ ಕೊಟ್ಟ ಹಿರಿಯಳ, ಅಂದರೆ ತನ್ನ ಗುರುವಿನ ರವಿಕೆಯನ್ನು ಕೇಳಿ ತಂದಿರುತ್ತಾಳೆ. ಯಾವುದೂ ಅವರ ಮೈಗೆ ಆಗುವಂಥದ್ದಲ್ಲ. ಟ್ರಾನ್ಸ್ ಹೆಂಗಸರು ತಮ್ಮನ್ನು ತಾವು ಹೇಗೆ ಕಾಣುತ್ತಾರೆ, ತಮ್ಮ ಚೆಲುವನ್ನು ಎಲ್ಲಿ ಹುಡುಕುತ್ತಾರೆ ಎಂಬುದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕೂತಾಗಲೆಲ್ಲ ನನ್ನ ಕಣ್ಣೆದುರು ಬಂದು ನಿಲ್ಲುವುದು ಅಳತೆಗೆ ಏನೂ ಇಲ್ಲದ ಆ ಬರಿಗೈ.

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಮಹಿಳಾ ದಿನಾಚರಣೆಗೆ ನನ್ನನ್ನೂ ಇನ್ನಿಬ್ಬರನ್ನೂ ಅತಿಥಿಗಳಾಗಿ ಕರೆದಿದ್ದರು. ಮುಖ್ಯ ಭಾಷಣ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾತನಾಡಿದರು. ನಮ್ಮ ಮೂವರ ಕಡೆ ತಿರುಗಿ, “ಹೊರಗಿನ ರೂಪ ಮುಖ್ಯ ಅಲ್ಲಮ್ಮ, ನಿಮ್ಮ ಅಂತರಂಗದ ಸೌಂದರ್ಯ ಮುಖ್ಯ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಂದು ಆ ಸಭಾಂಗಣದ ತುಂಬ ಹುಡುಗಿಯರು ಸೀರೆಯುಟ್ಟು, ಮಲ್ಲಿಗೆ ಮುಡಿದು, ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಂತು ಸಿಂಗರಿಸಿಕೊಂಡು ಬಂದಿದ್ದರು; ಅವರಲ್ಲಿ ಒಬ್ಬರಿಗೂ ಆ ಮಾತನ್ನು ಹೇಳುವ ಅಗತ್ಯ ಭಾಷಣ ಮಾಡಿದವರಿಗೆ ಕಾಣಲಿಲ್ಲ. ನಾನೂ ಆ ದಿನ ಬೆಳಗಿನ ಐದಕ್ಕೇ ಎದ್ದು, ಚಿಮಟ ಹಿಡಿದು ಗದ್ದದ ಕೂದಲನ್ನು ಒಂದೊಂದಾಗಿ ಕಿತ್ತು, ನಾನೇ ಹೊಲಿದ ರವಿಕೆ ತೊಟ್ಟು, ಮೈಸೂರು ಸಿಲ್ಕ್ ಉಟ್ಟು ಹೋಗಿದ್ದೆ. ಆ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ, ನೋವಾಯಿತು. ನಿಮ್ಮ ರೂಪದ ಬಗ್ಗೆ ಹೇಳಲು ನಮಗೆ ಏನೂ ಇಲ್ಲ, ಆದ್ದರಿಂದ ಕಾಣದಿರುವ ಕಡೆ ಏನಾದರೂ ಇದೆಯೆಂದು ನಂಬಿಕೊಳ್ಳೋಣ ಎಂದಂತೆ ಅದು ನನಗೆ ಕೇಳಿಸಿತು. ಒಳಗಿನ ಚೆಲುವು ಎಂಬುದು ಇದೆ ಎಂದು ನಾನೂ ನಂಬುತ್ತೇನೆ, ಗಟ್ಟಿಯಾಗಿಯೇ ನಂಬುತ್ತೇನೆ. ಆದರೆ ಹೊರಗಿನದರಲ್ಲಿ ಸೋತವರಿಗೆ ಕೊಡುವ ಸಮಾಧಾನಕರ ಬಹುಮಾನವಾಗಿ ಅದು ಬರುವುದಾದರೆ ನನಗೆ ಬೇಡ.

ಹರಪನಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಇದ್ದದ್ದು ಎರಡು ಕನ್ನಡಿ. ಒಂದು, ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ, ಅಪ್ಪ ಗಡ್ಡ ಕೆರೆದುಕೊಳ್ಳುವ ಸಣ್ಣ ಕನ್ನಡಿ. ಇನ್ನೊಂದು, ಅವ್ವನ ಬೀರುವಿನ ಬಾಗಿಲಿಗಿದ್ದ ನಿಲುವುಗನ್ನಡಿ. ನನಗೆ ಹನ್ನೊಂದು ವರ್ಷವಾಗಿದ್ದಾಗ, ಮನೆಯವರೆಲ್ಲ ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಅವ್ವನ ರವಿಕೆ ತೊಟ್ಟು, ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಆ ನಿಲುವುಗನ್ನಡಿಯ ಮುಂದೆ ನಿಂತೆ. ತೋಳು ಮೊಣಕೈ ದಾಟಿ ಜೋತುಬಿದ್ದಿತ್ತು, ಎದೆಯ ಮೇಲೆ ಬಟ್ಟೆ ಎರಡು ಖಾಲಿ ಚೀಲಗಳಂತೆ ಮಡಿಕೆ ಬಿದ್ದಿತ್ತು. ಹಾಗಿದ್ದರೂ ಕನ್ನಡಿಯಲ್ಲಿ ಕಂಡವಳನ್ನು ನಾನು ಗುರುತು ಹಿಡಿದೆ. ಹೊಸಬಳೊಬ್ಬಳನ್ನು ಕಂಡ ಹಾಗಿರಲಿಲ್ಲ. ಜಾತ್ರೆಯಲ್ಲಿ ಕೈತಪ್ಪಿ ಹೋಗಿದ್ದವರು ಮತ್ತೆ ಸಿಕ್ಕ ಹಾಗಿತ್ತು. ಮುಂದೆ ನನ್ನ ಬದುಕಿನಲ್ಲಿ ಏನೇನೋ ಆಗಿಹೋಗಿವೆ, ಆದರೆ ನಾನು ನನ್ನನ್ನು ಯಾವ ಅನುಮಾನವೂ ಇಲ್ಲದೆ ನೋಡಿಕೊಂಡದ್ದು ಆ ಮಧ್ಯಾಹ್ನವೇ ಇರಬೇಕು.

ಹದಿನಾಲ್ಕರ ಹೊತ್ತಿಗೆ ದನಿ ಒಡೆಯಿತು, ಮೀಸೆ ಚಿಗುರಿತು. ಶಾಲೆಯಲ್ಲಿ ಹುಡುಗರು ಆಗಲೇ ನನ್ನನ್ನು ‘ಒಂಬತ್ತು’ ಎಂದು ಕರೆಯುತ್ತಿದ್ದರು. ಮೇಷ್ಟ್ರು ಒಂಬತ್ತರ ಮಗ್ಗಿ ಹೇಳಿಸಿದ ದಿನ ಇಡೀ ತರಗತಿ ನನ್ನ ಕಡೆ ತಿರುಗುತ್ತಿತ್ತು. ಅವರ ಕಣ್ಣಲ್ಲಿ ನಾನು ಗಂಡಾಗಿರಲಿಲ್ಲ, ಕನ್ನಡಿಯಲ್ಲಿ ದಿನದಿನಕ್ಕೂ ಗಂಡಾಗುತ್ತಿದ್ದೆ. ಪಡಸಾಲೆಯ ಕನ್ನಡಿಯ ಹತ್ತಿರ ಹೋಗುವುದನ್ನೇ ಬಿಟ್ಟೆ. ಬಚ್ಚಲಲ್ಲಿ, ದೀಪ ಹಚ್ಚದೆ, ಎಡಗೈ ಬೆರಳುಗಳಿಂದ ಗದ್ದವನ್ನು ತಡವಿ ತಡವಿ ಬಲಗೈಯಿಂದ ಬ್ಲೇಡು ಎಳೆಯುತ್ತಿದ್ದೆ. ಕಣ್ಣಿಗೆ ಬೀಳದಿದ್ದರೆ ಅದು ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಕಾಲ ಅದು.

ಇದನ್ನು ಅಂದಚೆಂದದ ಹುಚ್ಚು ಎಂದು ತಿಳಿಯುವವರಿದ್ದಾರೆ. ಅವರಿಗಾಗಿ ದೇಹದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹರೆಯದಲ್ಲಿ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನು ಮಾಡಿಹೋದ ಕೆಲವು ಕೆಲಸಗಳನ್ನು ಮುಂದೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಎಷ್ಟು ತೆಗೆದುಕೊಂಡರೂ ಅಳಿಸಲು ಆಗುವುದಿಲ್ಲ. ಚರ್ಮ ಮೆದುವಾಗುತ್ತದೆ, ಕೊಬ್ಬು ಸೊಂಟ ತೊಡೆಗಳ ಕಡೆ ಕೂಡಿಕೊಳ್ಳುತ್ತದೆ, ಮೂರರಿಂದ ಆರು ತಿಂಗಳಲ್ಲಿ ಎದೆ ಬೆಳೆಯಲು ಶುರುವಾಗಿ ಎರಡು ಮೂರು ವರ್ಷ ನಿಧಾನವಾಗಿ ಬೆಳೆಯುತ್ತದೆ. ಆದರೆ ಒಮ್ಮೆ ದಪ್ಪವಾದ ಧ್ವನಿತಂತುಗಳು ಮತ್ತೆ ತೆಳುವಾಗುವುದಿಲ್ಲ. ದನಿಯನ್ನು ಬದಲಿಸಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಅಗಲವಾದ ಭುಜದ ಮೂಳೆ ಕಿರಿದಾಗುವುದಿಲ್ಲ. ಬಂದ ಗಡ್ಡ ತಾನಾಗಿ ಹೋಗುವುದಿಲ್ಲ. ಲೇಸರಿನಿಂದ ತೆಗೆಸೋಣವೆಂದರೆ, ಬೆಳೆಯುವ ಹಂತದಲ್ಲಿರುವ ಕೂದಲಿನ ಮೇಲೆ ಮಾತ್ರ ಅದು ಕೆಲಸ ಮಾಡುವುದರಿಂದ ಕೆಲವು ವಾರಗಳಿಗೊಮ್ಮೆಯಂತೆ ಹಲವಾರು ಸಲ ಹೋಗಬೇಕು, ಹೋದಾಗಲೆಲ್ಲ ದುಡ್ಡು ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ನಮ್ಮ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಲಾಗಿತ್ತು. ನಮ್ಮ ಮನಸ್ಸು ಕೆಟ್ಟಿಲ್ಲ ಎಂದು ಲೋಕ ಕೊನೆಗೂ ಬರೆದುಕೊಟ್ಟಿತು. ಆದರೂ ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಅಂಗೈಗೆ ಚುಚ್ಚುವ ಗಡ್ಡ ಆ ಕಾಗದವನ್ನು ಓದಿರುವುದಿಲ್ಲ.

ಎಣಿಸಲು ದುಡ್ಡಿಲ್ಲದವರು ಏನು ಮಾಡುತ್ತಾರೆ ಎಂಬುದನ್ನು ಅಳತೆ ತೆಗೆಯುವಾಗ ನಾನು ಹತ್ತಿರದಿಂದ ನೋಡಿದ್ದೇನೆ. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕೆನ್ನೆಗಳು ಬೆಂದ ಹಾಗೆ ಕೆಂಪಾಗಿ, ಚರ್ಮದಡಿಯಲ್ಲಿ ಸಣ್ಣ ಸಣ್ಣ ರಕ್ತನಾಳಗಳು ದಾರದ ಎಳೆಯಂತೆ ಕಾಣುತ್ತಿದ್ದವು. ಬೆಳ್ಳಗಾಗಲೆಂದು ಮೆಡಿಕಲ್ ಷಾಪಿನಿಂದ ಚೀಟಿಯಿಲ್ಲದೆ ತಂದ ಕ್ರೀಮನ್ನು ಎರಡು ವರ್ಷ ಹಚ್ಚಿದ್ದಳಂತೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗುತ್ತದೆ, ಬಿಸಿಲು ಬಿದ್ದರೆ ಉರಿಯುತ್ತದೆ, ಬಿಟ್ಟರೆ ಇನ್ನೂ ಕೆರಳುತ್ತದೆ. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ ಅದರಿಂದ ಮುಖದ ಮೇಲೆ ಕೂದಲು ಹೆಚ್ಚಾಗುವುದೂ ಉಂಟು: ಯಾವುದನ್ನು ಕಳೆದುಕೊಳ್ಳಲು ಅವಳು ಒದ್ದಾಡುತ್ತಿದ್ದಳೋ ಅದೇ. ಇನ್ನು ಕೆಲವರು ಹಾರ್ಮೋನಿಗೆಂದು ಗರ್ಭನಿರೋಧಕ ಗುಳಿಗೆಗಳನ್ನು ದಿನಕ್ಕೆ ನಾಲ್ಕೈದು ನುಂಗುತ್ತಾರೆ. ಆ ಪ್ರಮಾಣದಲ್ಲಿ ಅವು ಕಾಲಿನಲ್ಲಿಯೋ ಶ್ವಾಸಕೋಶದಲ್ಲಿಯೋ ರಕ್ತ ಹೆಪ್ಪುಗಟ್ಟಿಸಬಲ್ಲವು. ಹಾರ್ಮೋನು ಬೇಕಾದರೆ ವೈದ್ಯರ ಬಳಿ ಹೋಗಿ, ರಕ್ತಪರೀಕ್ಷೆ ಮಾಡಿಸಿಕೊಂಡೇ ತೆಗೆದುಕೊಳ್ಳಿ ಎಂದು ನಾನು ಅಂಗಡಿಗೆ ಬರುವ ಪ್ರತಿಯೊಬ್ಬಳಿಗೂ ಹೇಳುತ್ತೇನೆ. ಆ ಹುಡುಗಿಗೆ ಅಂತರಂಗದ ಸೌಂದರ್ಯದ ಮಾತು ಹೇಳಿ ಕಳಿಸಲು ನನಗೆ ಬಾಯಿ ಬರಲಿಲ್ಲ. ಚರ್ಮರೋಗ ತಜ್ಞರೊಬ್ಬರ ವಿಳಾಸ ಬರೆದುಕೊಟ್ಟೆ.

ಅವಳು ಬಿಳಿಯಾಗಲು ಯಾಕೆ ಅಷ್ಟು ಹಂಬಲಿಸಿದಳು ಎಂಬುದೂ ನನಗೆ ಗೊತ್ತು. ಅಂಗಡಿ ಇಡುವ ಮೊದಲು ಎರಡು ವರ್ಷ ನಾನೂ ಸಿಗ್ನಲ್ಲಿನಲ್ಲಿ ನಿಂತವಳು. ಅಲ್ಲಿ ಎಳೆಯವರಿಗೆ, ಬೆಳ್ಳಗಿರುವವರಿಗೆ, ಹೆಣ್ಣಿನ ಹಾಗೆಯೇ ಕಾಣುವವರಿಗೆ ಹತ್ತು ರೂಪಾಯಿ ಬಿದ್ದರೆ ಉಳಿದವರಿಗೆ ಬೈಗುಳ ಬೀಳುತ್ತದೆ. ಸಂಜೆ ದುಡ್ಡು ಎಣಿಸಿದಾಗ ನಮ್ಮ ಮುಖದ ಬೆಲೆ ಎಷ್ಟೆಂದು ಕೈಯಲ್ಲೇ ತಿಳಿಯುತ್ತದೆ. ನಾವು ಹತ್ತಿರ ಹೋಗುತ್ತಿದ್ದಂತೆ ಕಾರಿನವರು ಗಾಜು ಏರಿಸುತ್ತಾರೆ. ಏರಿದ ಗಾಜಿನಲ್ಲಿ ಒಳಗಿರುವವರು ಕಾಣುವುದಿಲ್ಲ, ನಮ್ಮ ಮುಖವೇ ಕಾಣುತ್ತದೆ. ಬೆವರಿಗೆ ಕರಗಿದ ಪೌಡರು, ಅದರಡಿಯಲ್ಲಿ ಹಸಿರಾಗಿ ಮೂಡುತ್ತಿರುವ ಗಡ್ಡ, ಬೇಡಲು ಚಾಚಿದ ಕೈ. ದಿನಕ್ಕೆ ನೂರಾರು ಸಲ ನಾನು ನನ್ನನ್ನು ಹಾಗೆ ನೋಡಿಕೊಂಡೆ. ಒಂದು ಮುಖ ತನ್ನ ಮೇಲೆ ತಾನೇ ಅಸಹ್ಯಪಡಲು ಕಲಿಯುವುದು ಒಮ್ಮೆಲೇ ಅಲ್ಲ, ಹೀಗೆ, ಒಂದೊಂದು ಗಾಜಿಗೂ ಸ್ವಲ್ಪ ಸ್ವಲ್ಪವಾಗಿ.

ಇದಕ್ಕೆ ಪೂರ್ತಿ ಎದುರಾದದ್ದು ಆ ನಲವತ್ತು ದಿನ. ನಮ್ಮ ಜಮಾತಿನ, ಅಂದರೆ ಗುರು ಶಿಷ್ಯೆಯರ ನಮ್ಮ ಸಮುದಾಯದ ಮನೆಗಳಲ್ಲಿ ನಿರ್ವಾಣವಾದವಳು, ಅಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವಳು, ನಲವತ್ತು ದಿನ ಕನ್ನಡಿ ನೋಡಬಾರದು, ತಲೆ ಬಾಚಬಾರದು, ಗಂಡಸರ ಮುಖ ನೋಡಬಾರದು ಎಂಬ ಕಟ್ಟಳೆಯಿದೆ. ಮನೆಯಿಂದ ಮನೆಗೆ ಪದ್ಧತಿಯಲ್ಲಿ ಅಷ್ಟಿಷ್ಟು ವ್ಯತ್ಯಾಸವಿರಬಹುದು. ನಾನು ಹೇಳುತ್ತಿರುವುದು ನನ್ನ ಗುರುಮನೆಯದು. ನನ್ನ ಗುರು ಬಚ್ಚಲಿನ ಕನ್ನಡಿಯನ್ನು ಕಳಚಿ ಅಟ್ಟಕ್ಕೆ ಹಾಕಿದರು, ಸ್ಟೀಲಿನ ತಟ್ಟೆಯ ಬದಲು ಎಲೆಯಲ್ಲಿ ಊಟ ಹಾಕಿದರು. ಶುರುವಿನ ದಿನಗಳಲ್ಲಿ ನೋವಿನ ಹೊರತು ಬೇರೇನೂ ತಲೆಯಲ್ಲಿರಲಿಲ್ಲ. ಎರಡನೆಯ ವಾರದ ನಂತರ ಒಂದು ವಿಚಿತ್ರವಾದ ಬಿಡುಗಡೆ ಶುರುವಾಯಿತು. ನಾನು ಹೇಗೆ ಕಾಣುತ್ತಿದ್ದೇನೆ ಎಂದು ತಿಳಿಯುವ ದಾರಿಯೇ ಇಲ್ಲದ್ದರಿಂದ, ನಾನು ಹೇಗಿದ್ದೇನೆ ಎಂಬುದಷ್ಟೇ ಉಳಿಯಿತು. ಬಿಸಿನೀರು ಹಾಕುವ ಗುರುಬಾಯಿಯ, ಅಂದರೆ ಅದೇ ಗುರುವಿನ ಇನ್ನೊಬ್ಬ ಶಿಷ್ಯೆಯ ಕೈ, “ಹೆದರಬೇಡ, ನನಗೂ ಹೀಗೇ ಆಗಿತ್ತು” ಎನ್ನುವ, ಗುರುವಿನ ಗುರುವಾದ ನಾನಿಯ ಒಡಕು ದನಿ, ರಾತ್ರಿ ಜ್ವರ ಬಂದಾಗ ಹಣೆಯ ಮೇಲೆ ಕೂತ ಒದ್ದೆ ಬಟ್ಟೆ, ಇವುಗಳಲ್ಲೇ ನನಗೆ ನನ್ನ ಗುರುತು ಸಿಗುತ್ತಿತ್ತು. ನಲವತ್ತನೆಯ ದಿನ ಅರಿಸಿನ ಹಚ್ಚಿ ಎರೆದು, ಕೈಗೆ ಮೆಹೆಂದಿ ಹಾಕಿ, ಹಾಲಿನ ಕೊಡ ಹೊರಿಸಿ, ಕೋಳಿಯ ಮೇಲೆ ಕೂತ ನಮ್ಮ ದೇವಿ ಬಹುಚರಾ ಮಾತೆಯ ಪಟದ ಮುಂದೆ ಕೂರಿಸಿ, ಕೊನೆಗೆ ಕನ್ನಡಿ ಹಿಡಿದರು. ಅದರಲ್ಲಿ ಸೊರಗಿದ, ಕೂದಲು ಜಡೆಗಟ್ಟಿದ, ಗದ್ದ ಒರಟಾದ ಮುಖವಿತ್ತು. ಇಷ್ಟು ವರ್ಷ ನೋಡಿ ನೋಡಿ ಬೇಸತ್ತಿದ್ದ ಅದೇ ಮುಖ. ಆದರೆ ನಲವತ್ತು ದಿನ ಬೇರೆಯವರ ಕೈಯ ಅಕ್ಕರೆಯಲ್ಲಿ ಇದ್ದು ಬಂದ ಮುಖವನ್ನು ಹಳೆಯ ಕಣ್ಣಿನಿಂದ ನೋಡಲು ನನಗೆ ಸಾಧ್ಯವಾಗಲಿಲ್ಲ. ಶಸ್ತ್ರಚಿಕಿತ್ಸೆಯಿಂದಲೇ ಹೆಣ್ತನ ಬರುತ್ತದೆಂದು ನಾನು ಹೇಳುತ್ತಿಲ್ಲ. ಅದನ್ನು ಮಾಡಿಸಿಕೊಳ್ಳದ, ಮಾಡಿಸಿಕೊಳ್ಳಲು ಇಷ್ಟವಿಲ್ಲದ ಎಷ್ಟೋ ಮಂದಿ ನನಗಿಂತ ಗಟ್ಟಿಯಾದ ಹೆಂಗಸರಿದ್ದಾರೆ. ನಾನು ಹೇಳುತ್ತಿರುವುದು ಕನ್ನಡಿಯಿಲ್ಲದ ಆ ಮನೆಯ ಮಾತು.

ಭಾಷೆಯ ಒಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ‘ಬಂದನು’, ‘ಬಂದಳು’ ಎಂದು ಬೇರೆ ಮಾಡುವವರು ಯಾವಾಗಲೂ ಮತ್ತೊಬ್ಬರು. ಊರಿನಲ್ಲಿ ಹದಿನೆಂಟು ವರ್ಷ ನನ್ನ ಬಗ್ಗೆ ನಾನು ಆಡಿದ ಒಂದೇ ಒಂದು ಮಾತೂ ಸುಳ್ಳಾಗಿರಲಿಲ್ಲ. ನನ್ನ ಬಗ್ಗೆ ಉಳಿದವರು ಆಡಿದ ಎಲ್ಲ ಮಾತುಗಳ ತುದಿಯೂ ಸುಳ್ಳಾಗಿತ್ತು. ಗುರುಮನೆಯಲ್ಲಿ ಹಿಂದಿ ಕಲಿತಾಗ, ಆ ಭಾಷೆಯಲ್ಲಿ ನಾನು ಬರುತ್ತೇನೆ ಎಂಬಷ್ಟನ್ನು ಹೇಳಲೂ ಹೆಣ್ಣಾಗಿ ಹೇಳಬೇಕಾಯಿತು, ಮತ್ತು ಹಾಗೆ ಹೇಳಿದ ಮೊದಲ ದಿನ ನನ್ನ ಬಾಯಿ ನಡುಗಿತು. ಈಗ ಅವ್ವ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮೊದಲೆಲ್ಲ “ಉಂಡ್ಯೇನೋ?” ಎನ್ನುತ್ತಿದ್ದಳು. ಈಗ ಬರೀ “ಉಂಡ್ಯಾ?” ಎನ್ನುತ್ತಾಳೆ, ಆ ‘ಏನೋ’ ನಿಂತು ಆರು ವರ್ಷವಾಯಿತು. ‘ಉಂಡ್ಯೇನೇ’ ಎಂದು ಒಂದು ಸಲ ಬರಲಿ ಎಂದು ನಾನು ಪ್ರತಿ ವಾರ ಕಿವಿಗೊಟ್ಟು ಕಾಯುತ್ತೇನೆ. ಇನ್ನೂ ಬಂದಿಲ್ಲ. ಆ ಒಂದು ಸ್ವರ ಬಂದರೆ ನನ್ನ ಮುಖಕ್ಕೆ ಯಾವ ಕ್ರೀಮೂ ಕೊಡಲಾರದ ಬೆಳಕು ಬರುತ್ತದೆ ಎಂದು ನನಗೆ ಗೊತ್ತು.

ಹೋದ ವರ್ಷ ಶ್ರಾವಣದ ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಅರವತ್ತರ ಆಸುಪಾಸಿನ ಒಬ್ಬರು ಪ್ಯಾಂಟು ಶರಟಿನಲ್ಲಿ ಬಂದು ಬಾಗಿಲಲ್ಲೇ ನಿಂತರು. ತುಮಕೂರಿನ ಕಡೆಯವರು. ಮಕ್ಕಳ ಮದುವೆಗಳನ್ನು ಮುಗಿಸಿ, ಹೆಂಡತಿ ತೀರಿಕೊಂಡ ಮೇಲೆ, ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಮೊದಲ ಬಾರಿಗೆ ಹೊರತೆಗೆದವರು. ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ತಾಯಿಯ ಹಳೆಯ ಮೊಳಕಾಲ್ಮೂರು ಸೀರೆಯನ್ನೂ ಅದಕ್ಕೆ ಹೊಂದುವ ನೇರಳೆ ಬಣ್ಣದ ರವಿಕೆ ಕಣವನ್ನೂ ತಂದಿದ್ದರು. ಒಳಗೆ ಬಂದವರೇ, “ಆ ಕನ್ನಡಿ ಸ್ವಲ್ಪ ಮುಚ್ಚಿಬಿಡ್ತೀಯೇನಮ್ಮ?” ಎಂದರು. ನಾನು ಲೈನಿಂಗ್ ಬಟ್ಟೆಯ ಒಂದು ತುಂಡನ್ನು ಅದರ ಮೇಲೆ ಇಳಿಬಿಟ್ಟೆ.

ಅಳತೆ ತೆಗೆಯುವಾಗ ಅವರು ಡಾಕ್ಟರ ಮುಂದೆ ನಿಂತ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದರು. ನನಗೆ ಅಂಕಿಗಳನ್ನು ಬಾಯಿಬಿಟ್ಟು ಹೇಳಿಕೊಂಡು ಬರೆಯುವ ಅಭ್ಯಾಸ. ಅಂದು ಸುಮ್ಮನೆ ಬರೆದುಕೊಂಡೆ. ಟೇಪು ಒಂದು ಭುಜದ ತುದಿಯಿಂದ ಇನ್ನೊಂದರ ತುದಿಗೆ ಹದಿನಾರೂವರೆ ಇಂಚು ತೋರಿಸಿತು. “ಭುಜ ಜಾಸ್ತಿ ಅಲ್ವಾ?” ಎಂದು ಕೇಳಿದರು, ತಪ್ಪೊಪ್ಪಿಗೆಯ ದನಿಯಲ್ಲಿ. “ಯಾವುದಕ್ಕಿಂತ ಜಾಸ್ತಿ ಅಮ್ಮ? ನಿಮ್ಮ ಭುಜ ಇಷ್ಟು, ಅದಕ್ಕೆ ತಕ್ಕ ಹಾಗೆ ಬಟ್ಟೆ ಕೊಯ್ಯೋದು ನನ್ನ ಕೆಲಸ” ಎಂದೆ. ಇಂಥ ಭುಜಕ್ಕೆ ಪಫ್ ತೋಳು ಇಡಬಾರದು. ತೋಳಿನ ಹೊಲಿಗೆಯನ್ನು ಭುಜದ ಅಂಚಿಗೆ ಬಿಡದೆ ಮುಕ್ಕಾಲು ಇಂಚು ಒಳಗೆ ತರಬೇಕು. ಕುತ್ತಿಗೆ ಅಡ್ಡಕ್ಕೆ ಹರಡದೆ ಕೆಳಕ್ಕೆ ಇಳಿಯಬೇಕು, ಆಗ ನೋಡುವವರ ಕಣ್ಣು ಅಗಲದ ಕಡೆ ಹೋಗದೆ ಉದ್ದಕ್ಕೆ ಹರಿಯುತ್ತದೆ. ಎದೆಗೆ ಪ್ಯಾಡು ಇಡಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಬೇಡ, ಇದ್ದ ಹಾಗೇ ಇರಲಿ” ಎಂದರು. ಹಾಗಾದರೆ ಟಕ್ಸ್, ಅಂದರೆ ಎದೆಯ ಉಬ್ಬಿಗಾಗಿ ಹಿಡಿಯುವ ಮಡಿಕೆಯನ್ನು, ಅರ್ಧ ಇಂಚಿಗಿಂತ ಹೆಚ್ಚು ಹಿಡಿಯಬಾರದು, ಹಿಡಿದರೆ ಬಟ್ಟೆ ಖಾಲಿ ಖಾಲಿಯಾಗಿ ನಿಲ್ಲುತ್ತದೆ. ಅವ್ವನ ರವಿಕೆಯಲ್ಲಿ ನಿಂತಿದ್ದ ನನ್ನ ಎದೆಯ ಮೇಲಿನ ಎರಡು ಖಾಲಿ ಚೀಲಗಳು ನೆನಪಾದವು. ಹುಕ್ಕುಗಳನ್ನು ಮುಂದಕ್ಕೇ ಇಟ್ಟೆ. ಹೊಸದಾಗಿ ತೊಡುವವರಿಗೆ ಬೆನ್ನ ಹಿಂದೆ ಕೈ ಹೋಗುವುದು ಕಷ್ಟ.

ನಾಲ್ಕು ದಿನದ ನಂತರ ಬಂದು ಪರದೆಯ ಹಿಂದೆ ತೊಟ್ಟುಕೊಂಡರು. ಕನ್ನಡಿ ಇನ್ನೂ ಮುಚ್ಚಿಯೇ ಇತ್ತು. ಹೊರಬಂದವರು ಕನ್ನಡಿಯ ಕಡೆ ತಿರುಗಲಿಲ್ಲ. ಬಲಗೈಯನ್ನು ಎಡಭುಜದ ಮೇಲಿಟ್ಟು, ತೋಳಿನ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು. ತೋಳಂಚಿನ ಜರಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕೊನೆಗೆ ಎರಡೂ ಅಂಗೈಗಳನ್ನು ಪಕ್ಕೆಗಳ ಮೇಲೆ ಇಟ್ಟುಕೊಂಡು, ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. ನಾನೂ ಒಂದು ಕಾಲದಲ್ಲಿ ಕತ್ತಲ ಬಚ್ಚಲಲ್ಲಿ ನನ್ನ ಮುಖವನ್ನು ಹೀಗೆಯೇ ಬೆರಳಿನಿಂದ ತಡವುತ್ತಿದ್ದೆ, ಆದರೆ ಅದು ಅಳಿಸಿಹಾಕಲು. ಇವರು ತಡವುತ್ತಿದ್ದುದು ತಮ್ಮನ್ನು ತಾವು ಪರಿಚಯ ಮಾಡಿಕೊಳ್ಳಲು. ಒಳಗಿನ ಚೆಲುವು ಎಂದು ಜನ ಹೇಳುವ ವಸ್ತುವನ್ನು ನಾನು ಕಣ್ಣಾರೆ ಕಂಡಿದ್ದರೆ ಅದು ಆ ಒಂದು ಕ್ಷಣದಲ್ಲಿ, ಆ ಉಸಿರಿನಲ್ಲಿ. ಅದು ರೂಪವನ್ನು ಬಿಟ್ಟು ಬೇರೆಲ್ಲೋ ಇರಲಿಲ್ಲ. ಸರಿಯಾಗಿ ಕೂತ ಹೊಲಿಗೆಯ ಮೂಲಕವೇ ಅದು ಬಂದಿತ್ತು.

ನಮ್ಮನ್ನು ಮೆಚ್ಚುವವರು ಹೆಚ್ಚಾಗಿ ಹೇಳುವ ಮಾತೆಂದರೆ “ನೀವು ಹಾಗೆ ಅಂತ ಗೊತ್ತೇ ಆಗಲ್ಲ” ಎಂಬುದು. ನನಗೂ ಆ ಮಾತು ಕೇಳಲು ಆಸೆಯಿದ್ದ ದಿನಗಳಿದ್ದವು, ಮತ್ತು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ, ರಾತ್ರಿ ಒಂಟಿಯಾಗಿ ನಡೆಯುವಾಗ ಗೊತ್ತಾಗದಿರುವುದೇ ಎಷ್ಟೋ ಸಲ ನಮ್ಮನ್ನು ಕಾಪಾಡುತ್ತದೆ. ಅದಕ್ಕಾಗಿ ಕಷ್ಟಪಡುವವರನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಮೆಚ್ಚುಗೆಯೊಳಗೆ ಒಂದು ಅಳತೆ ರವಿಕೆ ಅಡಗಿದೆ, ಮತ್ತು ಅದು ನಮ್ಮದಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ, ತಾನು ಯಾರೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. ನಮ್ಮ ರಾಜ್ಯವು 2021ರಲ್ಲಿ ಸರ್ಕಾರಿ ಕೆಲಸಗಳಲ್ಲಿ ನಮಗೆ ಶೇ. 1ರಷ್ಟು ಮೀಸಲಾತಿಯನ್ನೂ ಕೊಟ್ಟಿತು. ಹಾಗಿದ್ದರೂ ಗುರುತಿನ ಪತ್ರಕ್ಕೆಂದು ನಾನು ಹೋದ ಕಚೇರಿಯೊಂದರಲ್ಲಿ ಗುಮಾಸ್ತರು ನನ್ನ ಫೋಟೋವನ್ನೂ ಮುಖವನ್ನೂ ಮೂರು ಸಲ ಹೋಲಿಸಿ ನೋಡಿ, “ಇನ್ನೂ ಸ್ವಲ್ಪ ಲೇಡೀಸ್ ಥರ ಇರೋ ಫೋಟೋ ತನ್ನಿ” ಎಂದರು. ಆ ತೀರ್ಪಿಗೆ ಬೇಡವಾಗಿದ್ದ ಅಳತೆ ಕೌಂಟರಿನಲ್ಲಿ ಬೇಕಾಗಿತ್ತು.

ನಮ್ಮ ಸೀಮೆಯ ಜೋಗತಿಯರನ್ನು ನೆನೆದಾಗ ನನಗೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸವದತ್ತಿ ಎಲ್ಲಮ್ಮನ, ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಅಂದರೆ ಗಂಡಾಗಿ ಹುಟ್ಟಿಯೂ ದೇವಿಗೆ ಮುಡಿಪಾಗಿ ಸೀರೆಯುಟ್ಟು, ಹಣೆಗೆ ಭಂಡಾರ ಬಳಿದುಕೊಂಡು, ಚೌಡಿಕೆ ಎಂಬ ತಂತಿವಾದ್ಯ ನುಡಿಸುತ್ತ ಮನೆಯ ಮುಂದೆ ಬರುತ್ತಿದ್ದ ಅವರ ಗದ್ದದಲ್ಲಿ ಎಷ್ಟೋ ಸಲ ಎರಡು ದಿನದ ಗಡ್ಡವಿರುತ್ತಿತ್ತು, ದನಿ ಗಡುಸಾಗಿರುತ್ತಿತ್ತು. ಅವರು ಹಾರ್ಮೋನು ತಿಂದವರಲ್ಲ, ಮತ್ತೊಬ್ಬ ಹೆಂಗಸಿನಂತೆ ಕಾಣಲು ಹೆಣಗಿದವರೂ ಅಲ್ಲ. ಅಮ್ಮ ಮೈಮೇಲೆ ಬಂದಿದ್ದಾಳೆ ಎಂಬ ಒಂದೇ ಮಾತಿನಿಂದ ಸೀರೆ ಅವರದಾಗಿತ್ತು, ಮತ್ತು ನಮ್ಮ ಅಜ್ಜಿ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದಳು. ಅವರ ಬದುಕು ಸುಖದ್ದಾಗಿರಲಿಲ್ಲ. ಮನೆಯಿಂದ ದೂರವಾಗಿ, ಜೋಗ ಬೇಡಿಯೇ ಹೊಟ್ಟೆ ಹೊರೆಯಬೇಕಿತ್ತು, ಕಾಲು ಮುಟ್ಟಿದವರೇ ಮಗನನ್ನು ಅವರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಆದರೆ ತಮ್ಮ ರೂಪಕ್ಕಾಗಿ ಅವರು ಯಾರ ಕ್ಷಮೆಯನ್ನೂ ಕೇಳಿದ್ದನ್ನು ನಾನು ನೋಡಲಿಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಆ ಪರಂಪರೆಯಿಂದಲೇ ಬಂದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಪ್ರಶಸ್ತಿ ಪಡೆಯುವ ಮುನ್ನ ತಮ್ಮ ಸೆರಗನ್ನು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಆ ದೃಶ್ಯವನ್ನು ನಾನು ಅಂಗಡಿಯಲ್ಲಿ ಮಿಷಿನ್ನು ನಿಲ್ಲಿಸಿ ನೋಡಿದೆ. ಬದುಕಿನುದ್ದಕ್ಕೂ ಊರಿನವರ ಕೆಟ್ಟ ಕಣ್ಣನ್ನೆಲ್ಲ ತನ್ನ ಮೈಮೇಲೆ ಹೊತ್ತವಳು, ದೇಶದ ಪ್ರಥಮ ಪ್ರಜೆಗೆ ಯಾರ ಕಣ್ಣೂ ತಾಗದಿರಲಿ ಎಂದು ಸೆರಗು ನಿವಾಳಿಸುತ್ತಿದ್ದಳು. ಅವರು ಅಂದು ಯಾರ ಹಾಗೂ ಕಾಣುತ್ತಿರಲಿಲ್ಲ, ಮಂಜಮ್ಮನ ಹಾಗೆ ಕಾಣುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು.

ನಾನು ಈಗಲೂ ಬೆಳಿಗ್ಗೆ ಚಿಮಟ ಹಿಡಿಯುತ್ತೇನೆ, ಕಾಡಿಗೆ ಹಚ್ಚುತ್ತೇನೆ, ಒಳ್ಳೆಯ ಸೀರೆ ಕಂಡರೆ ಕೈ ತಡೆಯುವುದಿಲ್ಲ. ಕೆಲವು ದಿನ ಕನ್ನಡಿಯಲ್ಲಿ ಸಿಗ್ನಲ್ಲಿನ ಗಾಜು ಮತ್ತೆ ಬಂದು ಕೂರುತ್ತದೆ. ಅಂಥ ದಿನ ಬೆನ್ನು ತಿರುಗಿಸಿ ಕೆಲಸಕ್ಕೆ ಕೂತುಬಿಡುತ್ತೇನೆ.

ಆ ಹಿರಿಯಮ್ಮ ಈ ಸಂಕ್ರಾಂತಿಯ ನಂತರ ಮತ್ತೆ ಬಂದರು, ಈ ಸಲ ಹಗಲು ಹೊತ್ತಿನಲ್ಲಿ, ಹತ್ತಿ ಸೀರೆಯುಟ್ಟು. ಎರಡು ಹೊಸ ಕಣಗಳ ಜೊತೆಗೆ ಆ ನೇರಳೆ ರವಿಕೆಯನ್ನು ಮಡಿಸಿ ತಂದಿದ್ದರು. “ಇದೇ ಥರ ಹೊಲಿಯಮ್ಮ, ತೋಳು ಮಾತ್ರ ಅರ್ಧ ಇಂಚು ಉದ್ದ ಇರಲಿ” ಎಂದು ಮೇಜಿನ ಮೇಲಿಟ್ಟು, ಸೊಪ್ಪು ತರುತ್ತೇನೆಂದು ಹೊರಟರು. ನಾನು ರವಿಕೆಯನ್ನು ಹರಡಿ ಟೇಪು ತೆಗೆದುಕೊಂಡೆ. ಕಂಕುಳಲ್ಲಿ ಬಣ್ಣ ಮಾಸಿತ್ತು, ಮೇಲಿನಿಂದ ಎರಡನೆಯ ಹುಕ್ಕು ಸಡಿಲವಾಗಿತ್ತು.